ಸಾಹೇಬರು ಕಂಬಳಿಯ ಮೇಲೆ ಕೂತದ್ದು

ಅರಣ್ಯ ಇಲಾಖೆಗೆ ಹೊಸದಾಗಿ ಗಾರ್ಡ್ ಆಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಟೀ ಕುಡಿದು, ಬಿಸ್ಕತ್ತು ಮುರಿಯುತ್ತ, "ಸಾರ್, ನಿಮ್ ಕಾಲ್ದಲ್ಲಿ ಡ್ಯೂಟಿ ಹೆಂಗಿತ್ತು?" ಎಂದು ಕೇಳುತ್ತಾರೆ. ಒಳಗಿಂದ ನನ್ನ ಹೆಂಡತಿ "ಆಯ್ತು, ಇನ್ನು ಇವರು ಊಟದ ಹೊತ್ತಿಗೂ ಮುಗಿಸಲ್ಲ" ಎಂದು ಗೊಣಗುತ್ತಾಳೆ. ಅದಕ್ಕೇ ಬರೆದಿಡುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಭುಜದ ಮೇಲೆ ಏನೇನು ಏರಿತು ಎಂಬುದೆಲ್ಲ ಇಲ್ಲಿಲ್ಲ. ಅದರಲ್ಲಿ ಹೇಳಿಕೊಳ್ಳುವಂಥದ್ದೂ ಇಲ್ಲ. ಗುಡ್ಡ ಸುತ್ತಿದ್ದು, ದಾರಿ ತಪ್ಪಿದ್ದು, ಸಾಹೇಬರುಗಳ ಜೊತೆ ಹೆಣಗಿದ್ದು, ಇಷ್ಟೇ ನೆನಪಿನಲ್ಲಿ ಉಳಿದಿರುವುದು.

ನಾನು ಚಿಕ್ಕನಾಯಕನಹಳ್ಳಿ ಪೇಟೆಯ ದರ್ಜಿಯೊಬ್ಬರ ಮಗ. ಹೆಸರು ರಜಾಕ್. ಗಾರ್ಡ್ ಕೆಲಸದ ಆದೇಶ ಕೈಗೆ ಬಂದ ದಿನ ನಮ್ಮ ಅಬ್ಬಾನಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. "ಬಸ್ ಸ್ಟ್ಯಾಂಡ್ ದಾಟಿ ನಡೆದವನಲ್ಲ, ಗುಡ್ಡದಲ್ಲಿ ಏನು ಮಾಡ್ತೀಯ?" ಎಂದರು. ನಮ್ಮ ಕಡೆಯ ಕಾಡೆಂದರೆ ಆಕಾಶಕ್ಕೆ ಮುಟ್ಟುವ ಮರಗಳಲ್ಲ. ಕೆಳಗೆ ತೆಂಗಿನ ತೋಟ, ರಾಗಿ ಹೊಲ. ಮೇಲೆ ಬಂಡೆ, ತಂಗಡಿ, ಕಾರೆಮುಳ್ಳು, ಮೊಣಕಾಲೆತ್ತರದ ಒಣಹುಲ್ಲು. ಹೊರಗಿನಿಂದ ಬಂದವರು "ಇದೂ ಒಂದು ಕಾಡೇ?" ಎಂದು ಮೂಗು ಮುರಿಯುತ್ತಾರೆ. ಕರಡಿ, ತೋಳ, ಚಿರತೆಗಳು ಆ ಕುರುಚಲಿನಲ್ಲೇ ಸಂಸಾರ ಮಾಡಿಕೊಂಡಿವೆ. ಅವಕ್ಕಿಲ್ಲದ ತಕರಾರು ಇವರಿಗೇಕೆ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ನನಗೆ ಮೊದಲು ಸಿಕ್ಕಿದ ಫಾರೆಸ್ಟರು ಹಳೇ ಕಾಲದವರು. ಎಲೆಅಡಿಕೆ ಬಾಯಲ್ಲಿ, ಕೈಯಲ್ಲಿ ಕೋಲು. ತರಬೇತಿ ಅಂತ ಅವರು ಹೇಳಿಕೊಟ್ಟಿದ್ದು ಒಂದೇ ಮಾತು: "ಗುಡ್ಡದಲ್ಲಿ ನಿಂದೇ ಒಂದು ದಾರಿ ಮಾಡೋಕೆ ಹೋಗ್ಬೇಡ ಕಣಯ್ಯ. ಕುರಿ ಎಲ್ಲಿ ಹತ್ತೈತೋ ಅಲ್ಲಿ ಹತ್ತು. ಅದು ಸುಮ್ಸುಮ್ನೆ ಕಾಲು ನೋಯಿಸ್ಕಳ್ಳಲ್ಲ." ಪೇಟೆ ಹುಡುಗ ನಾನು, ಇದನ್ನು ತಮಾಷೆ ಅಂದುಕೊಂಡೆ.

ಕಾರ್ತಿಕದ ಒಂದು ಬೆಳಗ್ಗೆ ತಮಾಷೆ ಇಳಿಯಿತು. ಕರಡಿಕಲ್ಲು ಎಂದು ನಾವು ಕರೆಯುವ ಗುಡ್ಡದ ಮೇಲೆ ಮಂಜು ಕವಿದು ನನ್ನ ಬೂಟೇ ನನಗೆ ಕಾಣಿಸದಂತಾಯಿತು. ಒಂದೇ ಬಂಡೆಯನ್ನು ಸುತ್ತಿ ಸುತ್ತಿ ಬರುತ್ತಿದ್ದೇನೆ ಎಂಬುದೂ ತಡವಾಗಿ ಗೊತ್ತಾಯಿತು. ಕೂಗಿದರೆ ಮರ್ಯಾದೆ ಹೋಗುತ್ತದೆ, ಕೂಗದಿದ್ದರೆ ಕರಡಿ ಬರುತ್ತದೆ. ಏನು ಮಾಡುವುದೆಂದು ನಿಂತಿದ್ದಾಗ ಕಾರೆಮುಳ್ಳಿನ ತುದಿಗೆ ಕರಿಯ ಎಳೆಯೊಂದು ಸಿಕ್ಕಿಕೊಂಡಿರುವುದು ಕಂಡಿತು. ಕುರಿಯ ತುಪ್ಪಟ. ಉಣ್ಣೆಗೆ ನಮ್ಮ ಕಡೆ ತುಪ್ಪಟ ಎನ್ನುತ್ತಾರೆ. ದರ್ಜಿಯ ಮಗನಿಗೆ ನೂಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಬಿಡಿಸಿಕೊಂಡೆ. ಮುಂದಿನ ಗಿಡದಲ್ಲೂ ಒಂದಿತ್ತು. ಅದರಾಚೆಯದರಲ್ಲೂ. ಹೀಗೆ ಮುಳ್ಳಿನಿಂದ ಮುಳ್ಳಿಗೆ ತುಪ್ಪಟ ಕೀಳುತ್ತ ಇಳಿದವನು ಸೀದಾ ಒಂದು ಕುರುಬರ ಹಟ್ಟಿಯ ಅಂಗಳಕ್ಕೆ ಬಂದು ನಿಂತೆ.

ಅಲ್ಲಿ ಜಗಲಿಯ ಮೇಲೆ ಹೆಂಗಸೊಬ್ಬಳು ರಾಟೆ ತಿರುಗಿಸುತ್ತಿದ್ದಳು. ನನ್ನ ಎರಡು ಮುಷ್ಟಿ ತುಂಬ ತುಪ್ಪಟ ನೋಡಿ ರಾಟೆ ನಿಲ್ಲಿಸಿದಳು. "ಏನಪ್ಪ, ಸರ್ಕಾರ್ದೋರು ಮುಳ್ಳಲ್ಲಿ ಸಿಕ್ಕಿರೋ ತುಪ್ಪಟಾನೂ ಬುಡಲ್ವಾ?" ಎಂದಳು. ಅವಳೇ ಕೆಂಚಮ್ಮ. ನನಗಿಂತ ಸ್ವಲ್ಪ ಹಿರಿಯಳು, ನಾನು ಕೆಂಚಕ್ಕ ಎನ್ನುತ್ತಿದ್ದೆ. ಅವತ್ತು ಅವಳು ಕೊಟ್ಟ ಬಿಸಿ ರಾಗಿ ಅಂಬಲಿಯ ರುಚಿ ಆಮೇಲೆ ಎಷ್ಟು ಹೋಟೆಲು ಸುತ್ತಿದರೂ ಸಿಕ್ಕಿಲ್ಲ.

ಆ ಹಟ್ಟಿ ನಾನು ಗಸ್ತು ತಿರುಗುವ ಬೀಟಿನ ಅಂಚಿನಲ್ಲಿತ್ತು. ಕೆಂಚಕ್ಕನ ಗಂಡ ಕುರಿ ಕಾಯುವವನು. ಮಾವ ಬೀರಜ್ಜ ಹಟ್ಟಿಯ ಯಜಮಾನ, ಕಂಬಳಿ ನೇಯುವವರು. ಮನೆಯ ನಡುವೆಯೇ ಗುಂಡಿ ತೋಡಿ ಮಗ್ಗ ಹೂಡಿದ್ದರು. ಅಜ್ಜ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ನೆಲದಿಂದಲೇ ಎದ್ದು ಬಂದವರ ಹಾಗೆ ಕಾಣುತ್ತಿದ್ದರು. ಹುಣಸೆಬೀಜ ಬೇಯಿಸಿ ರುಬ್ಬಿದ ಗಂಜಿಯನ್ನು ಮಗ್ಗದ ಉದ್ದಕ್ಕೆ ಹೂಡುವ ಹಾಸುನೂಲಿಗೆ ಬಳಿದು ಒಣಗಿಸುತ್ತಿದ್ದರು. ಆ ಗಂಜಿಯ ಹುಳಿವಾಸನೆ, ಕುರಿಯ ವಾಸನೆ, ಒಲೆಯ ಹೊಗೆ, ಮೂರೂ ಸೇರಿ ಹಟ್ಟಿಗೆ ಅದರದ್ದೇ ಒಂದು ವಾಸನೆಯಿತ್ತು. ಕಣ್ಣು ಕಟ್ಟಿ ಬಿಟ್ಟರೂ ನಾನು ಈಗಲೂ ಗುರುತು ಹಿಡಿಯುತ್ತೇನೆ.

ಇಲಾಖೆ ಕೊಟ್ಟ ರೇನ್‌ಕೋಟು ಮೊದಲ ಮಳೆಗೇ ಕೈಕೊಟ್ಟ ಮೇಲೆ ಬೀರಜ್ಜನಿಂದ ಒಂದು ಕಂಬಳಿ ಕೊಂಡೆ. ಸ್ಟೈಲಾಗಿರಲಿ ಎಂದು ಅದನ್ನು ಕೋಟು ಮಾಡಿಕೊಡಲು ಅಬ್ಬಾನ ಮುಂದೆ ಹಾಕಿದೆ. ಅವರು ಅಂಚನ್ನು ಬೆರಳಿನಲ್ಲಿ ಸವರಿ ನೋಡಿದರು. ಮಡಿಸಿ ವಾಪಸ್ ಕೊಟ್ಟರು. "ಇದು ಮಗ್ಗದಿಂದಲೇ ಪೂರ್ತಿಯಾಗಿ ಬಂದಿದೆ. ಇದಕ್ಕೆ ಕತ್ತರಿ ಹಾಕೋಕೆ ನನಗೆ ಕೈ ಬರಲ್ಲ" ಎಂದರು. ಆಮೇಲೆ ಅವರೂ ಒಂದು ಕಂಬಳಿ ತರಿಸಿಕೊಂಡು, ಕೊನೆಯವರೆಗೂ ಅದರ ಮೇಲೇ ಮಲಗಿದರು.

ಕೆಲಸದ ರೀತಿ ನನ್ನ ಕಣ್ಣ ಮುಂದೆಯೇ ಬದಲಾಯಿತು. ನಾನು ಸೇರಿದಾಗ ಕೋಲು, ಟಾರ್ಚು, ಪೀಪಿ. ಹೆಜ್ಜೆಗುರುತು ನೋಡಿ, ಹಿಕ್ಕೆ ನೋಡಿ, ಕುರಿಗಾರರ ಮಾತು ಕೇಳಿ ಯಾವ ಪ್ರಾಣಿ ಎಲ್ಲಿದೆ ಎಂದು ಹೇಳುತ್ತಿದ್ದೆವು. ಆಮೇಲೆ ಕೈಗೆ ಜಿಪಿಎಸ್ ಬಂತು, ಫೋನಿನಲ್ಲಿ ಆ್ಯಪ್ ಬಂತು, ಮರಕ್ಕೆ ಕಟ್ಟುವ ಕ್ಯಾಮೆರಾ ಬಂತು. ತೋಳದ ಫೋಟೊ ಸಿಗಲೆಂದು ನಾನು ಕಟ್ಟಿದ ಮೊದಲ ಕ್ಯಾಮೆರಾದ ಚಿತ್ರಗಳನ್ನು ಆಫೀಸಿನಲ್ಲಿ ಎಲ್ಲರ ಮುಂದೆ ದೊಡ್ಡ ಪರದೆಯ ಮೇಲೆ ಹಾಕಿದರು. ತೋಳವಿರಲಿಲ್ಲ. ಬೀರಜ್ಜನಿದ್ದರು. ಡಬ್ಬಿಯ ಗಾಜಿನಲ್ಲಿ ಮುಖ ಕಾಣುತ್ತದೆಂದು ಹತ್ತಿರ ಬಂದು ಮೀಸೆ ತಿರುವುತ್ತಿದ್ದರು. ಒಂದಲ್ಲ, ಮೆಮೊರಿ ಕಾರ್ಡಿನ ತುಂಬ ಮೀಸೆ. ಮೇಲಧಿಕಾರಿಗಳು "ಏನ್ರೀ ರಜಾಕ್, ಇದು ಯಾವ ಜಾತಿಯ ಪ್ರಾಣಿ?" ಎಂದು ಕೇಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕವರು ಒಬ್ಬರೇ, ಆಗಷ್ಟೇ ವರ್ಗವಾಗಿ ಬಂದಿದ್ದ ರೇಂಜರ್ ದಿವಾಕರ ಸಾಹೇಬರು. ಕರಾವಳಿಯವರು. ಬೆವರು ಬೇಗ, ಸಿಟ್ಟು ನಿಧಾನ. ಬಂದ ವಾರದಲ್ಲೇ "ನನಗೆ ಗುಡ್ಡದ ಎಲ್ಲ ದಾರಿಯನ್ನೂ ತೋರಿಸಬೇಕು ಮಾರಾಯ" ಎಂದರು. ಪ್ರವಾಸಿಗರು ನಡೆಯಲು ಚಾರಣದ ಹಾದಿ ಮಾಡಬೇಕು, ಹಾದಿಯಲ್ಲಿ ಹಟ್ಟಿಗಳ ಕಂಬಳಿ, ಹಂದನಕೆರೆ ಕಡೆಯ ಬುಟ್ಟಿ, ತೆಂಗಿನ ನಾರಿನ ಹಗ್ಗ ಎಲ್ಲ ನೋಡುವಂತಾಗಬೇಕು ಎಂಬುದು ಅವರ ಆಸೆ. ನಾವಿಬ್ಬರೂ ಒಂದು ಬೇಸಿಗೆಯಿಡೀ ನಡೆದೆವು. ನನ್ನ ವೃತ್ತಿಯಲ್ಲಿ ಅಷ್ಟು ಖುಷಿಯಾಗಿದ್ದ ಕಾಲ ಇನ್ನೊಂದಿಲ್ಲ. ಜೇನಿನವರ ದಾರಿ, ಸೌದೆ ದಾರಿ, ಹೆಣ್ಣುಮಕ್ಕಳು ತವರಿಗೆ ಹೋಗುತ್ತಿದ್ದ ದಾರಿ, ಒಂದೊಂದಕ್ಕೂ ಒಂದು ಹೆಸರು, ಒಂದು ಕಾರಣ. ಅವರು ಬಂಡೆಯ ಮೇಲೆ ಕೂತು ನಕ್ಷೆಯಲ್ಲಿ ಗೆರೆ ಎಳೆಯುತ್ತಿದ್ದರು, ನಾನು ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದೆ.

ಎಲ್ಲದರಲ್ಲೂ ಚೆಂದದ್ದು ತುಪ್ಪಟದ ದಾರಿ. ನಾನು ಮಂಜಿನಲ್ಲಿ ಇಳಿದದ್ದು ಅದೇ. ಹಟ್ಟಿಯಿಂದ ಕರಡಿಕಲ್ಲು ಹತ್ತಿ, ಎರಡು ಬಂಡೆಗಳ ನಡುವಿನ ಕಣಿವೆ ದಾಟಿ, ಆಚೆ ಬೋರನಕಣಿವೆ ಜಲಾಶಯದ ಹಿನ್ನೀರಿಗೆ ಇಳಿಯುತ್ತದೆ. ತುಪ್ಪಟ ಕತ್ತರಿಸುವ ಮುಂಚೆ ಕುರಿಗಳನ್ನು ಆ ನೀರಿಗೆ ಇಳಿಸಿ, ಒಂದೊಂದನ್ನೂ ಉಜ್ಜಿ ತೊಳೆಯುತ್ತಾರೆ. ಮೈ ಆರಿದ ಮೇಲೆ ಅಲ್ಲೇ ದಡದಲ್ಲಿ ಕತ್ತರಿ. ತೊಳೆಯದ ತುಪ್ಪಟದಲ್ಲಿ ಮಣ್ಣು, ಜಿಡ್ಡು. ಅದನ್ನು ನೂತರೆ ಎಳೆ ಕಿತ್ತು ಬರುತ್ತದೆ. ಆ ನೀರಿಗೆ ಹೋಗಲು ಹಟ್ಟಿಯವರಿಗಿದ್ದದ್ದು ಅದೊಂದೇ ದಾರಿ.

ಅಷ್ಟರಲ್ಲಿ ಮೇಲಿನಿಂದ ಆದೇಶ ಬಂತು. ಗುಡ್ಡಸಾಲು ವನ್ಯಜೀವಿಗಳಿಗೆ ಮೀಸಲು, ಇನ್ನು ಜಾನುವಾರು ಹೋಗುವ ಹಾದಿಗಳನ್ನೆಲ್ಲ ಮುಚ್ಚಬೇಕು, ಕಣಿವೆಗೆ ಅಡ್ಡಲಾಗಿ ಕಂದಕ ತೋಡಬೇಕು. ಕಾಡಿನ ಹಿತಕ್ಕೇ ಮಾಡಿದ ಆದೇಶ, ಅದರಲ್ಲಿ ದೋಷ ಹುಡುಕುವ ಗಾರ್ಡ್ ನಾನಲ್ಲ. ಆದರೆ ಸುತ್ತುಬಳಸಿ ಹೋಗೋಣವೆಂದರೆ ಟಾರು ರಸ್ತೆಯಲ್ಲಿ ಲಾರಿಗಳ ಕಾಟ. ತೋಟಗಳ ಮೂಲಕ ಹೋಗೋಣವೆಂದರೆ ಈಗ ಎಲ್ಲರದ್ದೂ ಹನಿ ನೀರಾವರಿ. ಮಂದೆ ನಿಲ್ಲಿಸಿ ಗೊಬ್ಬರ ಕೊಡಿ ಎಂದು ಕರೆಯುವ ತೋಟದವರೇ, ಹಿಂಡು ನುಗ್ಗಿ ಪೈಪು ತುಳಿಯುತ್ತದೆ ಎಂದರೆ ಬೇಲಿ ತೆಗೆಯುವುದಿಲ್ಲ.

ಕೆಂಚಕ್ಕ ನನ್ನನ್ನು ದಾರಿಯಲ್ಲೇ ತಡೆದು ನಿಲ್ಲಿಸಿದಳು. "ರಜಾಕು, ನಿಜ ಹೇಳು. ದಾರಿ ಮುಚ್ತಾರಾ?"

"ಆರ್ಡರ್ ಬಂದೈತೆ ಅಕ್ಕ" ಎಂದೆ.

"ಹಂಗಾರೆ ಕುರಿ ಮಾರ್ತಾರೆ. ಕುರಿ ಹೋದ್ಮೇಲೆ ಮಗ್ಗ ಯಾಕೆ? ಗುಂಡಿಗೆ ಮಣ್ಣು ತುಂಬಿ ಸಾರಿಸ್ಬುಟ್ರೆ ಮಂಚ ಹಾಕಬೋದು ಅಂತ ನನ್ನ ಗಂಡ ಆಗ್ಲೇ ಅಳತೆ ತಗಂಡವ್ನೆ ಕಣಪ್ಪ." ಅವಳು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಮಗ್ಗದ ಪಕ್ಕದಲ್ಲೇ ನೂಲು ತೆಗೆದವಳು.

ಇನ್ನು ಆ ದಿನದ ವಿಷಯ. ಆದೇಶವನ್ನು ಹಟ್ಟಿಯವರಿಗೆ ಓದಿ ಹೇಳಲು ಸಾಹೇಬರು ಹೊರಟರು, ಜೊತೆಗೆ ನಾನು. ಅವರು ಮುಂದೆ ನಡೆದರು. ನಾನು ಜೀಪು ನೆರಳಿಗೆ ನಿಲ್ಲಿಸಿ ಹಿಂದೆ ಬಂದೆ. ಅವತ್ತೇ ಹಟ್ಟಿಯವರು ಕುರಿ ಮಾರುವ ತೀರ್ಮಾನಕ್ಕೆ ಸೇರಿದ್ದಾರೆಂದು ನಮಗೆ ಗೊತ್ತಿರಲಿಲ್ಲ.

ಅವರಲ್ಲಿ ಒಂದು ಪದ್ಧತಿಯಿದೆ. ದೊಡ್ಡ ಮಾತಿದ್ದರೆ ದೇವರ ಗುಡಿಯ ಮುಂದೆ ಕರಿಕಂಬಳಿ ಹಾಸುತ್ತಾರೆ, ಒಂದು ಮೂಲೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ ಇಡುತ್ತಾರೆ. ಅದನ್ನು ಗದ್ದಿಗೆ ಎನ್ನುತ್ತಾರೆ. ಅದರ ಮೇಲೆ ಸುಮ್ಮನೆ ಯಾರೂ ಕೂರುವುದಿಲ್ಲ, ಮಾತು ಕೊಡುವವನು ಮಾತ್ರ ಕೂರುತ್ತಾನೆ. ಕೂತು ಆಡಿದ ಮಾತು ಆಯಿತು ಎಂದೇ ಲೆಕ್ಕ. ತಪ್ಪಬೇಕೆಂದರೆ ಮತ್ತೆ ಅದೇ ಕಂಬಳಿ ಹಾಸಿಸಿ, ಅದೇ ಜಾಗದಲ್ಲಿ ಕೂತು, ನನ್ನ ಕೈಯಲ್ಲಿ ಆಗಲಿಲ್ಲ ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು. ಅವತ್ತು ಕೂರಬೇಕಾಗಿದ್ದವನು ಕೆಂಚಕ್ಕನ ಗಂಡ. ಎಲ್ಲರ ಪರವಾಗಿ, ಮಾರುತ್ತೇವೆ ಎಂದು ಹೇಳಲು.

ನಾನು ಏದುಸಿರು ಬಿಡುತ್ತ ಗುಡಿಯ ಹತ್ತಿರ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಇಷ್ಟು ಜನ ಸುತ್ತ ನೆಲದ ಮೇಲೆ ಕೂತಿದ್ದಾರೆ, ನಡುವೆ ಒಳ್ಳೆಯ ಕಂಬಳಿ ಹಾಸಿ ಕಾಯಿ, ಎಲೆ ಇಟ್ಟಿದ್ದಾರೆ, ಯಾರೂ ಕೂತಿಲ್ಲ. ಇದು ನನಗೇ ಹಾಸಿದ್ದು ಎಂದುಕೊಂಡ ನಮ್ಮ ಸಾಹೇಬರು ಮರ್ಯಾದೆಯಿಂದ ಬೂಟು ಬಿಚ್ಚಿಟ್ಟು, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದರು. ಕರವಸ್ತ್ರದಿಂದ ಬೆವರು ಒರೆಸಿಕೊಂಡು, "ತುಂಬಾ ಉಪಚಾರ ಮಾಡಿದ್ದೀರಿ" ಎನ್ನುತ್ತಿದ್ದರು.

ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. "ನೀರು ಕುಡಿ ರಜಾಕ್" ಎಂದರು ಸಾಹೇಬರು.

ಬೀರಜ್ಜ ಎದ್ದು ನಿಂತರು. ಮೀಸೆಯ ಮೇಲೆ ಕೈ ಹೋಗಲಿಲ್ಲ. "ಸ್ವಾಮಿ, ಕುಂತಿದ್ದೀರಿ. ಕುಂತ ಮೇಲೆ ಕೇಳ್ತೀನಿ. ನಮ್ ಕುರಿಗೆ ದಾರಿ ಬುಡ್ತೀರೋ, ಇಲ್ವೋ?"

ಸಾಹೇಬರ ಜೇಬಿನಲ್ಲಿ ಆದೇಶವಿತ್ತು. ಆದರೆ ಎದುರಿಗೆ ಮುದುಕ ನಿಂತಿದ್ದಾನೆ, ಕಂಬಕ್ಕೆ ಒರಗಿ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟುಕೊಂಡಿದ್ದಾಳೆ. ಅಧಿಕಾರಿಗಳ ಬಾಯಲ್ಲಿ ಇಂಥ ಹೊತ್ತಿಗೆಂದೇ ಒಂದು ಮಾತು ಸಿದ್ಧವಾಗಿರುತ್ತದೆ. ಅದನ್ನೇ ಆಡಿದರು: "ನಾನಿದ್ದೇನಲ್ಲ ಅಜ್ಜ. ದಾರಿ ಎಲ್ಲಿಗೂ ಹೋಗುವುದಿಲ್ಲ. ಬಿಡಿಸಿಕೊಡ್ತೇನೆ."

ಅಜ್ಜ ವೀಳ್ಯದೆಲೆ ಎತ್ತಿ ಅವರ ಕೈಗಿಟ್ಟರು. ಕಾಯಿ ಒಡೆದರು. ಸಭೆ ಎದ್ದಿತು. ಕುರಿ ಮಾರುವ ಮಾತೇ ಬರಲಿಲ್ಲ. ಕೆಂಚಕ್ಕ ನನ್ನ ಪಕ್ಕದಲ್ಲೇ ಹಾದು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿಂದ ರಾಟೆಯ ಸದ್ದು ಕೇಳಿಸಿತು.

ಜೀಪಿನಲ್ಲಿ ನಾನು ಎಲ್ಲ ವಿವರಿಸಿದೆ. ಸಾಹೇಬರು ಮೊದಲು ಜೋರಾಗಿ ನಕ್ಕರು. "ಎಂಥದು ಮಾರಾಯ! ಅದು ಕಂಬಳಿ, ಸ್ಟಾಂಪ್ ಪೇಪರ್ ಅಲ್ಲ."

"ಸಾರ್, ನೀವು ಕುರ್ಚಿ ಮೇಲೆ ಕೂತು ಹೇಳಿದ್ರೆ ಅವರು ನಂಬ್ತಾನೇ ಇರ್ಲಿಲ್ಲ" ಎಂದೆ.

ನಗು ನಿಂತಿತು. ಹುಳಿಯಾರು ಬರುವವರೆಗೂ ಕೈಯಲ್ಲಿದ್ದ ವೀಳ್ಯದೆಲೆಯನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದರು.

ನನ್ನ ಸರ್ವೀಸಿನಲ್ಲಿ ಬೈಯುವ ಸಾಹೇಬರನ್ನು ನೋಡಿದ್ದೇನೆ, ಬೈಸಿಕೊಳ್ಳುವವರನ್ನು ನೋಡಿದ್ದು ಇವರೊಬ್ಬರನ್ನೇ. ವರ್ಷವಿಡೀ ಕುರಿ ಬೇಡ, ತೊಳೆಯುವ ಕಾಲದಲ್ಲಿ ಮಾತ್ರ ದಾಟಿಸೋಣ, ಮೇಯಲು ನಿಲ್ಲಬಾರದು, ಜೊತೆಗೆ ಗಾರ್ಡ್ ಇರಲಿ, ಉಳಿದ ದಿನಗಳಲ್ಲಿ ಅದೇ ಚಾರಣದ ಹಾದಿಯಾಗಲಿ. ಹೀಗೆ ಪತ್ರದ ಮೇಲೆ ಪತ್ರ ಬರೆದರು. ತುಮಕೂರಿಗೂ ಬೆಂಗಳೂರಿಗೂ ಅಲೆದರು. ಆದೇಶ ಜಾರಿ ಮಾಡು ಎಂದರೆ ಪಾಠ ಹೇಳುತ್ತೀಯಾ ಎಂದು ಬೈಸಿಕೊಂಡೂ ಬಂದರು. ಕೊನೆಗೆ ತೀರ್ಮಾನ ಬರುವ ಮೊದಲೇ ಅವರಿಗೆ ವರ್ಗವಾಯಿತು. ಬಯಲುಸೀಮೆಯ ಇನ್ನೊಂದು ತುದಿಗೆ, ಮರ ಲೆಕ್ಕ ಹಾಕುವ ಕೆಲಸಕ್ಕೆ. ಅದು ಶಿಕ್ಷೆಯೇ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಹೊರಡುವ ಹಿಂದಿನ ದಿನ ಅವರು ನನ್ನನ್ನು ಕರೆದರು. "ಹಟ್ಟಿಗೆ ಹೋಗಿ ಬರುವ. ಆಗಲಿಲ್ಲ ಅಂತ ಹೇಳಬೇಕಲ್ಲ. ಸುಮ್ಮನೆ ಓಡಿಹೋಗಲಿಕ್ಕೆ ಮನಸ್ಸಿಲ್ಲ."

ಹಟ್ಟಿಯಲ್ಲಿ ಗಂಡಸರಾರೂ ಇರಲಿಲ್ಲ. ಬೀರಜ್ಜನಿಗೆ ಜ್ವರ, ಮಲಗಿದ್ದರು. ಕೆಂಚಕ್ಕ ಜಗಲಿಯಲ್ಲಿದ್ದಳು. ಸಾಹೇಬರು ನಿಂತುಕೊಂಡೇ ಹೇಳಿದರು: "ಅಮ್ಮಾ, ಆ ಕಂಬಳಿ ಒಮ್ಮೆ ಹಾಸಿ. ನಾನು ಕೂತು ಒಂದು ಮಾತು ಹೇಳಲಿಕ್ಕುಂಟು."

ಕೆಂಚಕ್ಕ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳಿಗೆ ಎಲ್ಲ ಅರ್ಥವಾಯಿತು.

"ಹಾಸಲ್ಲ" ಎಂದಳು.

"ಅಮ್ಮಾ, ನನಗೆ ನಾಳೆ ವರ್ಗ..."

"ಎಲ್ಲಿಗಾದ್ರೂ ಹೋಗಿ ಸ್ವಾಮಿ, ಸುಖವಾಗಿರಿ. ಊಟ ಮಾಡ್ಕಂಡು ಹೋಗಿ. ಕಂಬಳಿ ಮಾತ್ರ ಹಾಸಲ್ಲ. ಹಾಸಿದ್ರೆ ತಾನೆ ನೀವು ಮಾತು ವಾಪಸ್ ತಗಳ್ಳೋದು?"

ಸಾಹೇಬರು ನಿಂತೇ ಇದ್ದರು. ಕೆಂಚಕ್ಕ ಒಳಗೆ ಹೋಗಿ ಮುದ್ದೆ ತಿರುವಿದಳು. ಇಬ್ಬರೂ ಬರೀ ನೆಲದ ಮೇಲೆ ಕೂತು ಸೊಪ್ಪಿನ ಸಾರಿನಲ್ಲಿ ಉಂಡೆವು. ಸಾಹೇಬರಿಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ, ಅಗಿದು ಅಗಿದು ತಿಂದರು. ಆಡಿದ ಮಾತನ್ನು ಹಾಗೇ ಹೊತ್ತುಕೊಂಡು ಊರು ಬಿಟ್ಟರು.

ಅವರ ಜಾಗಕ್ಕೆ ಬಂದವರು ಕಂದಕದ ಕೆಲಸ ಶುರುಮಾಡಿಸಲು ಜೆಸಿಬಿಗೆ ಹೇಳಿದರು. ಜೆಸಿಬಿ ಬಂದು ಗುಡ್ಡದ ಬುಡದಲ್ಲಿ ನಿಂತೂ ಆಯಿತು. ಆ ದಿನಗಳಲ್ಲಿ ನಾನು ಹಟ್ಟಿಯ ಕಡೆ ತಲೆ ಹಾಕುತ್ತಿರಲಿಲ್ಲ, ಯಾವ ಮುಖ ಹೊತ್ತು ಹೋಗಲಿ? ಅಷ್ಟರಲ್ಲಿ ಮೇಲಿನಿಂದ ಕೆಲಸ ನಿಲ್ಲಿಸಿ ಎಂದು ಬಂತು. ಹಿಂದೆಯೇ ಅನುಮತಿಯೂ ಬಂತು: ತುಪ್ಪಟ ಕತ್ತರಿಸುವ ಕಾಲದಲ್ಲಿ ಕುರಿಗಳು ದಾಟಬಹುದು, ಜೊತೆಗೆ ಗಾರ್ಡ್ ಇರತಕ್ಕದ್ದು. ದಿವಾಕರ ಸಾಹೇಬರು ತಮ್ಮ ಹೊಸ ಜಾಗದಿಂದಲೂ, ತಮ್ಮದಲ್ಲದ ವಲಯದ ವಿಷಯಕ್ಕೆ ರಜೆ ಹಾಕಿಕೊಂಡು ಹೋಗಿ ಮೇಲಧಿಕಾರಿಗಳ ಬಾಗಿಲು ಕಾಯುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಆಫೀಸಿನ ಗುಮಾಸ್ತರು. ಸಾಹೇಬರು ಒಂದು ಫೋನೂ ಮಾಡಿರಲಿಲ್ಲ.

ಮೊದಲ ಸಲ ಹಿಂಡು ದಾಟಿದಾಗ ನಾನೇ ಕಣಿವೆಯ ಬಾಯಲ್ಲಿ ನಿಂತಿದ್ದೆ. ಕರಿಯ ಕುರಿಗಳು ಒಂದನ್ನೊಂದು ನೂಕುತ್ತ, ಬಂಡೆಗೆ ಮೈ ಉಜ್ಜುತ್ತ ಹೋದವು. ಧೂಳು ನನ್ನ ಕಣ್ಣು, ಬಾಯಿ, ಕಾಲರು ಎಲ್ಲ ತುಂಬಿತು. ಡ್ಯೂಟಿ ಎಂದು ಮಾಡಿದ ಯಾವ ಕೆಲಸವೂ ನನಗೆ ಅಷ್ಟು ತೃಪ್ತಿ ಕೊಟ್ಟಿಲ್ಲ. ಹೊಸಬರಿಗೆ ಹೇಳುವುದು ಇಷ್ಟೇ: ಕಾಡು ಕಾಯಿರಿ, ಆದೇಶ ಪಾಲಿಸಿ. ಆದರೆ ಯಾರ ಹಟ್ಟಿಗೆ ಹೋದರೂ ಮೊದಲು ನಿಂತುಕೊಂಡು ನೋಡಿ, ಆಮೇಲೆ ಕೂತುಕೊಳ್ಳಿ.

ಈಗ ಆ ಹಾದಿಯಲ್ಲಿ ಚಾರಣಿಗರು ಬರುತ್ತಾರೆ. ನಾನೂ ನಿವೃತ್ತನಾದೆ. ಬೀರಜ್ಜ ಇಲ್ಲ, ಮಗ್ಗದ ಗುಂಡಿಯಲ್ಲಿ ಈಗ ಕೆಂಚಕ್ಕನ ಗಂಡ ಕೂರುತ್ತಾನೆ. ಹೋದ ವರ್ಷ ದಿವಾಕರ ಸಾಹೇಬರು ಹೆಂಡತಿಯನ್ನು ಕರೆದುಕೊಂಡು, ಟೋಪಿ ಹಾಕಿಕೊಂಡು, ಎಲ್ಲರ ಹಾಗೆ ಟಿಕೆಟ್ ತೆಗೆಸಿ ಬಂದರು. ಕೂದಲು ಪೂರ್ತಿ ನರೆತಿದೆ, ಬೆವರು ಮಾತ್ರ ಹಾಗೇ ಇದೆ. ನಾನು ಜೊತೆಗೆ ಹೋದೆ. ನಮ್ಮನ್ನು ದೂರದಿಂದಲೇ ನೋಡಿದ ಕೆಂಚಕ್ಕ ಒಳಗೆ ಓಡಿದಳು. ಕರಿಕಂಬಳಿ ತಂದು ಜಗಲಿಯ ಮೇಲೆ ಕೊಡವಿ ಹಾಸಿದಳು.

ಸಾಹೇಬರು ಬೂಟು ಬಿಚ್ಚಿದರು. ಕಂಬಳಿಯ ಅಂಚಿನವರೆಗೆ ಬಂದು ಅಲ್ಲೇ ನಿಂತುಬಿಟ್ಟರು. "ಬೇಡ ಅಮ್ಮಾ, ನಾನು ನಿಂತೇ ಇರ್ತೇನೆ" ಎಂದರು. ಅವರ ಹೆಂಡತಿಗೆ ಏನೂ ಅರ್ಥವಾಗಲಿಲ್ಲ. ನಾನು ಬೇರೆ ಕಡೆ ನೋಡಿದೆ.

"ಕುಂತ್ಕಳಪ್ಪ" ಎಂದಳು ಕೆಂಚಕ್ಕ, "ಈಗ ನಿನ್ನ ಏನೂ ಕೇಳಲ್ಲ."